ಏಳನೇ ನಂಬರಿನ ಎರಡು ಚೆಂಡು

ಅಕ್ಟೋಬರ್ ಎರಡನೆಯ ಭಾನುವಾರ, ಬೆಳಿಗ್ಗೆ ಎಂಟು ಗಂಟೆ ನಲವತ್ತನಾಲ್ಕು ನಿಮಿಷ. ಹಾಜರು: ನಾನು, ಕ್ಯಾನರಿ ವಾರ್ಫ್‌ನವರು, ಈಸ್ಟ್ ಹ್ಯಾಮ್‌ನವರು. ಗೈರು: ಬೇರೆ ಗುಂಪಿನ ಒಬ್ಬರು, ಮಗುವಿಗೆ ಜ್ವರ.

ಹೀಗೆ ಶುರು ಮಾಡದೆ ನನಗೆ ಏನನ್ನೂ ಬರೆಯಲು ಬರುವುದಿಲ್ಲ. ವಿಜಯಪುರದ ಹಾಸ್ಟೆಲ್ ಶಾಲೆಯಲ್ಲಿ ಐದಕ್ಕೆ ಗಂಟೆ ಹೊಡೆಯುತ್ತಿತ್ತು. ಐದೂ ಹತ್ತಕ್ಕೆ ಹಾಸಿಗೆ ಮಡಚಿರಬೇಕು, ಐದೂ ಕಾಲಿಗೆ ಹಾಜರಿ. ನಾನು ಕೋಣೆಯ ಕ್ಯಾಪ್ಟನ್, ರಿಜಿಸ್ಟರ್ ನನ್ನ ಕೈಯಲ್ಲಿ. ಮುಂದೆ ಲಂಡನ್ನಿನ ಒಂದು ಆಸ್ಪತ್ರೆಯ ಉಗ್ರಾಣವನ್ನು ನಿವೃತ್ತಿಯಾಗುವವರೆಗೂ ಅದೇ ರಿಜಿಸ್ಟರಿನ ಪದ್ಧತಿಯಲ್ಲಿ ನಡೆಸಿದೆ. ಆಮೇಲೆ ಈ ಗಾಲ್ಫ್ ಲೀಗ್.

ಲೀಗ್ ಅಂದರೆ ದೊಡ್ಡದೇನಲ್ಲ. ಹನ್ನೆರಡು ಜನ ಕನ್ನಡಿಗರು, ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಭಾನುವಾರ ಬೆಳಿಗ್ಗೆ, ಪಶ್ಚಿಮ ಲಂಡನ್ನಿನ ಕೌನ್ಸಿಲ್ ಮೈದಾನದಲ್ಲಿ, ಅಂದರೆ ಪುರಸಭೆಯದರಲ್ಲಿ. ಒಬ್ಬೊಬ್ಬರನ್ನೂ ಅವರ ಲಂಡನ್ ಬಡಾವಣೆಯ ಹೆಸರಿನಿಂದಲೇ ಕರೆಯುವುದು ರೂಢಿ. ಸದಸ್ಯತ್ವ, ಟೈ, ಶಿಫಾರಸು ಯಾವುದೂ ಬೇಡ. ಮೈದಾನದ ನಡುವೆಯೇ ಕಾಲುದಾರಿ ಹಾದುಹೋಗುತ್ತದೆ, ಅದರಲ್ಲಿ ನಾಯಿ ಹಿಡಿದವರು ನಡೆಯುತ್ತಾರೆ, ತಲೆಯ ಮೇಲೆ ಹೀಥ್ರೂಗೆ ಇಳಿಯುವ ವಿಮಾನಗಳು. ಮುಂದಿನ ಭಾನುವಾರದ ಬುಕಿಂಗ್ ಈ ಭಾನುವಾರ ಸಂಜೆ ಏಳಕ್ಕೆ ತೆರೆಯುತ್ತದೆ. ನಾಲ್ಕು ಗುಂಪಿಗೆ ಬೆಳಗಿನ ನಾಲ್ಕು ಸಮಯ ಒಂದರ ಹಿಂದೆ ಒಂದು ಸಿಗಬೇಕಾದರೆ ಒಂದೆರಡು ನಿಮಿಷದೊಳಗೆ ಕೆಲಸ ಮುಗಿದಿರಬೇಕು. ಆರು ವರ್ಷದಲ್ಲಿ ನಾನು ಒಮ್ಮೆಯೂ ತಪ್ಪಿಸಿಲ್ಲ. ವರ್ಷದ ಕೊನೆಗೆ ಗೆದ್ದವರಿಗೆ ಒಂದು ಸ್ಟೀಲಿನ ಟಿಫಿನ್ ಕ್ಯಾರಿಯರ್. ಹೋದ ವರ್ಷ ಅದು ನನಗೆ ಬಂತು. ಈ ವರ್ಷ ಇನ್ನೊಂದು ಆಟ ಬಾಕಿ ಇರುವಾಗಲೇ ಯಾರಿಗೂ ಹಿಡಿಯಲಾಗದಷ್ಟು ಮುಂದಿದ್ದೆ.

ನಿಯಮಗಳನ್ನು ಬರೆದವನೂ ನಾನೇ. ಈ ಕಥೆಗೆ ಎರಡು ಸಾಕು. ಪ್ರತಿಯೊಬ್ಬರೂ ತಮ್ಮ ಚೆಂಡಿಗೆ ಗುರುತು ಹಾಕಿ, ಆಟಕ್ಕೆ ಮುಂಚೆ ಅದನ್ನು ಗಟ್ಟಿಯಾಗಿ ಹೇಳಬೇಕು. ಚೆಂಡು ಪೊದೆಯೊಳಗೆ ಹೋದರೆ ಮೂರು ನಿಮಿಷ ಹುಡುಕಬಹುದು. ಸಿಗದಿದ್ದರೆ ಒಂದು ಹೊಡೆತದ ದಂಡ, ವಾಪಸ್ ಹೋಗಿ ಮೊದಲಿನ ಜಾಗದಿಂದಲೇ ಹೊಡೆಯಬೇಕು. ಮೂರು ನಿಮಿಷವನ್ನು ನನ್ನ ಗಡಿಯಾರ ಹೇಳುತ್ತದೆ.

ನನ್ನ ಗುರುತು ಹಸಿರು ಶಾಯಿಯ ಕನ್ನಡ ಅಂಕಿ, ಅದರ ಕೆಳಗೆ ಎರಡು ಚುಕ್ಕೆ. ಒಂದರಿಂದ ಹನ್ನೆರಡರವರೆಗೆ. ಎರಡು ವರ್ಷಗಳಿಂದ ಆ ಹನ್ನೆರಡರಲ್ಲಿ ಒಂದೂ ಕಳೆದಿರಲಿಲ್ಲ. ಹೋದ ವರ್ಷದ ಕೊನೆಯ ಚಹಾ ಕೂಟದಲ್ಲಿ ಈ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಶಿಸ್ತಿದ್ದರೆ ಚೆಂಡು ಕಳೆಯುವುದಿಲ್ಲ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆ ಈಗ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಇನ್ನೊಂದು ಸಂಗತಿ. ನನ್ನ ಬಲಗಣ್ಣಿಗೆ ಪೊರೆ ಬಂದಿದೆ, ಎಡಗಣ್ಣೂ ಅಷ್ಟಕ್ಕಷ್ಟೇ. ಆಪರೇಷನ್‌ಗೆ ಪಟ್ಟಿಯಲ್ಲಿ ಕಾಯುತ್ತಿದ್ದೇನೆ. ಹೊಡೆದ ಚೆಂಡು ಐವತ್ತು ಹೆಜ್ಜೆ ದಾಟಿದರೆ ಬೆಳಕಿನಲ್ಲಿ ಕರಗಿಹೋಗುತ್ತದೆ. ಇದನ್ನು ಲೀಗ್‌ನಲ್ಲಿ ಯಾರಿಗೂ ಹೇಳಿರಲಿಲ್ಲ, ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ.

ಆ ಬೆಳಿಗ್ಗೆ ಮೊದಲ ಹೊಡೆತಕ್ಕೆ ಮುಂಚೆ "ಇವತ್ತು ಏಳು" ಎಂದು ಹೇಳಿ ಚೆಂಡು ತೋರಿಸಿದೆ. ವಾರ್ಫ್‌ನವರು ತಲೆಯಾಡಿಸಿದರು. ಅವರು ಬೆಂಗಳೂರಿನವರು, ನಲವತ್ತೈದರ ವಯಸ್ಸು, ಬ್ಯಾಂಕೊಂದರ ಸಾಫ್ಟ್‌ವೇರ್ ಕೆಲಸ; ನನ್ನನ್ನು ಸರ್ ಎಂದೇ ಕರೆಯುತ್ತಾರೆ. ಈಸ್ಟ್ ಹ್ಯಾಮ್‌ನವರು ಮೈಸೂರಿನ ಹೆಂಗಸು, ಜಿಪಿ ಸರ್ಜರಿಯಲ್ಲಿ, ಅಂದರೆ ಬಡಾವಣೆಯ ವೈದ್ಯರ ಕ್ಲಿನಿಕ್ಕಿನಲ್ಲಿ, ರಿಸೆಪ್ಷನಿಸ್ಟ್. ದಿನವಿಡೀ ರೋಗಿಗಳ ಬೈಗುಳ ಕೇಳಿ ಕೇಳಿ ಅವರ ಬಾಯಿಯೂ ಹರಿತವಾಗಿದೆ. ನನ್ನನ್ನು ಕ್ಯಾಪ್ಟನ್ರೇ ಅನ್ನುತ್ತಾರೆ, ಅರ್ಧ ಗೌರವ, ಅರ್ಧ ಗೇಲಿ.

ಹದಿನೆಂಟು ಕುಳಿಗಳ ಆಟದ ಹದಿಮೂರನೆಯ ಹೋಲ್‌ನಲ್ಲಿ ನನ್ನ ಚೆಂಡು ಬಲಕ್ಕೆ ತಿರುಗಿ ಮುಳ್ಳುಪೊದೆಯ ಕಡೆ ಹೋಯಿತು. ಹೋಗಿದ್ದು ಕಾಣಲಿಲ್ಲ, ಎಲೆ ಸವರಿದ ಸದ್ದು ಕೇಳಿತು. ಗಡಿಯಾರ ಒತ್ತಿದೆ. ಒಂದೂವರೆ ನಿಮಿಷಕ್ಕೆ ವಾರ್ಫ್‌ನವರು ಕೂಗಿದರು.

"ಸರ್, ಸಿಕ್ತು! ಒಳ್ಳೇ ಜಾಗದಲ್ಲೇ ಇದೆ, ಅದೃಷ್ಟ ನಿಮ್ಮದು!"

ಚೆಂಡು ಪೊದೆಯಿಂದ ಎರಡು ಗಜ ಈಚೆ, ಕತ್ತರಿಸಿದ ಹುಲ್ಲಿನ ಮೇಲೆ ಕೂತಿತ್ತು. ಬಗ್ಗಿ ನೋಡಿದೆ. ಹಸಿರು ಏಳು, ಎರಡು ಚುಕ್ಕೆ. ಹೊಡೆದೆ. ಐದು ಹೊಡೆತಕ್ಕೆ ಹೋಲ್ ಮುಗಿಯಿತು. ವಾರ್ಫ್‌ನವರು ಕಾರ್ಡಿನಲ್ಲಿ ಐದು ಬರೆದುಕೊಂಡರು. ಗಾಲ್ಫ್‌ನಲ್ಲಿ ನಿಮ್ಮ ಲೆಕ್ಕವನ್ನು ಜೊತೆಯವರು ಬರೆಯುತ್ತಾರೆ, ಅವರದ್ದನ್ನು ನೀವು ಬರೆಯುತ್ತೀರಿ.

ಹದಿನಾಲ್ಕನೆಯದು ಅದೇ ಪೊದೆಯ ಇನ್ನೊಂದು ಪಕ್ಕದಿಂದ ಶುರುವಾಗುತ್ತದೆ. ಅಲ್ಲಿ ನಿಂತಿದ್ದಾಗ ಕಾಲುದಾರಿಯಿಂದ ಒಬ್ಬ ಇಂಗ್ಲಿಷ್ ಹೆಂಗಸು ಬಂದಳು. ಅವಳ ನಾಯಿಯ ಮೂತಿಯ ತುಂಬ ಮುಳ್ಳು ಗೀರಿದ ಗುರುತು. ಇದು ನಿಮ್ಮದೇ? ನಾಯಿ ಈಗ ತಾನೇ ಪೊದೆಯೊಳಗಿಂದ ತಂತು, ಇದರ ಮೇಲೆ ಏನೋ ಚಿತ್ರ ಇದೆ, ಎಂದು ಒಂದು ಚೆಂಡು ನನ್ನ ಕೈಗಿಟ್ಟಳು. ಜೊಲ್ಲಿನಿಂದ ಒದ್ದೆಯಾಗಿತ್ತು. ಅಂಗಿಯ ತುದಿಯಿಂದ ಒರೆಸಿ ಕಣ್ಣಿನ ಹತ್ತಿರ ಹಿಡಿದೆ. ಹಸಿರು ಏಳು, ಎರಡು ಚುಕ್ಕೆ.

ಆಟಕ್ಕಿಟ್ಟಿದ್ದ ಏಳನ್ನೂ ಎತ್ತಿಕೊಂಡೆ. ಎರಡನ್ನೂ ಅಂಗೈಯಲ್ಲಿಟ್ಟು ಮೂಗಿನ ಹತ್ತಿರ ತಂದೆ. ನಾಯಿ ತಂದ ಏಳು ನಡುಗಿದ ಕೈಯದು, ಒಂದು ಚುಕ್ಕೆ ಹರಡಿತ್ತು. ಅದು ನನ್ನದು. ಇನ್ನೊಂದು ಅಚ್ಚು ಹೊಡೆದ ಹಾಗೆ ನೀಟಾಗಿತ್ತು.

ಹೆಂಗಸು ನಾಯಿ ಹಿಡಿದು ಕಾಲುದಾರಿಯಲ್ಲಿ ಮುಂದೆ ಹೋದಳು.

"ಏನಿದು?" ಅಂದೆ.

"ಸರ್, ಅದು..." ವಾರ್ಫ್‌ನವರು ಕೈಗವಸು ಬಿಚ್ಚಿದರು, ಮತ್ತೆ ಹಾಕಿಕೊಂಡರು.

"ಇನ್ನೇನು ಮುಚ್ಚಿಡ್ತೀರಿ?" ಈಸ್ಟ್ ಹ್ಯಾಮ್‌ನವರು ಅಂದರು. "ನಾಯಿಗೇ ಗೊತ್ತಾಗಿದೆ. ಡಬ್ಬಿ ತೆಗೀರಿ ಹೊರಗೆ."

ವಾರ್ಫ್‌ನವರ ಬ್ಯಾಗಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿ ಬಂತು. ಒಳಗೆ ಏಳೆಂಟು ಚೆಂಡು, ಎಲ್ಲದರ ಮೇಲೂ ಹಸಿರು ಅಂಕಿ. ನಾನು ಯಾರ ಗುಂಪಿನಲ್ಲಿ ಆಡುತ್ತೇನೋ ಆ ವಾರ ಡಬ್ಬಿ ಅವರ ಬ್ಯಾಗಿಗೆ ಹೋಗುತ್ತಿತ್ತಂತೆ. ಆ ದಿನದ ನಂಬರ್ ಯಾವುದೆಂದು ನಾನೇ ಗಟ್ಟಿಯಾಗಿ ಹೇಳುತ್ತಿದ್ದೆನಲ್ಲ. ಅದನ್ನು ಜೇಬಿಗೆ ಹಾಕಿಕೊಂಡರೆ ಆಯಿತು.

ನನ್ನ ಬ್ಯಾಗ್ ಮಗುಚಿ ಉಳಿದ ಹನ್ನೊಂದನ್ನು ಹುಲ್ಲಿನ ಮೇಲೆ ಸುರಿದೆ. ಒಂದೊಂದನ್ನೇ ಕಣ್ಣಿಗೆ ಹಿಡಿದೆ. ಒದ್ದೆಯ ಏಳೂ ಸೇರಿ ನನ್ನ ಕೈಬರಹದವು ಮೂರು. ಉಳಿದ ಒಂಬತ್ತೂ ಡಬ್ಬಿಯಿಂದ ಬಂದವು.

"ಎಷ್ಟು ದಿನದಿಂದ?"

"ಎರಡು ವರ್ಷ, ಸರ್. ನೀವು ಸತತ ಮೂರು ವಾರ ಸೋತು, ಇನ್ನು ನಾನು ಲೀಗ್ ಬಿಡ್ತೀನಿ ಅಂದ್ರಲ್ಲ, ಆವಾಗಿಂದ. ನೀವು ಬಿಟ್ರೆ ಬುಕಿಂಗ್ ಯಾರು ಮಾಡ್ತಾರೆ ಅಂತ ಗ್ರೂಪಲ್ಲಿ ಕೇಳಿದ್ವಿ. ಯಾರೂ ಕೈ ಎತ್ತಲಿಲ್ಲ."

"ಅಂದರೆ ಬುಕಿಂಗಿಗೋಸ್ಕರ."

"ಅಯ್ಯೋ, ಹಾಗಲ್ಲ ಸರ್, ಪ್ರೀತಿಗೇ."

"ಪ್ರೀತೀನೂ ಇತ್ತು, ಸೋಮಾರಿತನಾನೂ ಇತ್ತು," ಈಸ್ಟ್ ಹ್ಯಾಮ್‌ನವರು ಅಂದರು. "ಯಾವುದು ಜಾಸ್ತಿ ಅಂತ ನನ್ನ ಕೇಳಬೇಡಿ."

ಆಗ ನನ್ನ ಬಾಯಿಂದ ಬಂದದ್ದು ಇದು: "ಇದೇ ಕೆಲಸಕ್ಕೆ ನಾನು ಹೇಸ್‌ನವರ ಹೆಸರು ಹೊಡೆದುಹಾಕಿದೆ. ಅವರನ್ನು ಹೊರಗೆ ಹಾಕಿದಾಗ ನೀವೆಲ್ಲ ಬಾಯಿ ಮುಚ್ಚಿಕೊಂಡು ಚಹಾ ಕುಡೀತಾ ಕೂತಿದ್ರಿ."

ಹೇಸ್‌ನವರು ಧಾರವಾಡದವರು, ನನ್ನ ವಾರಿಗೆಯವರು, ನಕ್ಷೆ ಬರೆಯುವ ಕೆಲಸದಲ್ಲಿದ್ದು ನಿವೃತ್ತರಾದವರು. ಚಾರಿಟಿ ಅಂಗಡಿಯಲ್ಲಿ ಗಾಲ್ಫ್ ಕೋಲುಗಳ ಎರಡು ಹಳೆಯ ಸೆಟ್ ಕೊಂಡು ನಾವಿಬ್ಬರೇ ಈ ಲೀಗ್ ಹುಟ್ಟಿಸಿದ್ದು. ಹೋದ ವರ್ಷ ಏಪ್ರಿಲ್‌ನಲ್ಲಿ ನಮ್ಮಿಬ್ಬರ ಚೆಂಡೂ ಒಂದೇ ಪೊದೆಗೆ ಹೋಗಿದ್ದವು. ಹುಡುಕುತ್ತಿದ್ದಾಗ ಅವರ ಪ್ಯಾಂಟಿನ ಕಾಲಿನಿಂದ ಒಂದು ಚೆಂಡು ಜಾರಿ ಬೂಟಿನ ಪಕ್ಕ ಬಿತ್ತು. ನಾನು ನಾಲ್ಕು ಹೆಜ್ಜೆ ದೂರದಲ್ಲಿದ್ದೆ, ಅಷ್ಟು ಕಂಡಿತು. ಅವರು ಅದರ ಮೇಲೆ ಕಾಲಿಟ್ಟರು, ಎತ್ತಿ ಜೇಬಿಗೆ ಹಾಕಿಕೊಂಡರು. ನನ್ನದು ಆಮೇಲೆ ಪೊದೆಯ ಬುಡದಲ್ಲೇ ಸಿಕ್ಕಿತು. ಕಳೆದ ಚೆಂಡಿನ ಬದಲು ಬೇರೊಂದನ್ನು ಬೀಳಿಸುವುದು ಮೋಸ ಎಂದು ಕೆಫೆಯಲ್ಲಿ ಎಲ್ಲರ ಎದುರು ನಿಯಮ ಓದಿದೆ. ಅವರು "ಹೌದ್ರಿ, ತಪ್ಪಾತು" ಎಂದಷ್ಟೇ ಹೇಳಿ ಬ್ಯಾಗ್ ಎತ್ತಿಕೊಂಡು ಹೋದರು. ರಿಜಿಸ್ಟರಿನಲ್ಲಿ ಅವರ ಹೆಸರಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ.

"ಕ್ಯಾಪ್ಟನ್ರೇ," ಈಸ್ಟ್ ಹ್ಯಾಮ್‌ನವರು ಅಂದರು. ಈ ಸಲ ಗೇಲಿ ಇರಲಿಲ್ಲ. "ಅವತ್ತು ಬಿದ್ದ ಚೆಂಡು ಯಾರದ್ದು ಅಂತ ನೋಡಿದ್ರಾ?"

ನೋಡಿರಲಿಲ್ಲ.

"ಈ ಡಬ್ಬಿ ಯಾರದು? ಈ ಅಂಕಿ ಯಾರ ಕೈಯದು? ಶುರು ಮಾಡಿದ್ದೇ ಅವರು. ಅವತ್ತು ಬಿದ್ದಿದ್ದು ನಿಮ್ಮ ನಂಬರ್ ನಾಲ್ಕು. ನಿಮಗೇ ಅಂತ ಬೀಳಿಸಿದ್ದು. ಹೋಗೋ ಮುಂಚೆ ಕಾರ್ ಪಾರ್ಕಲ್ಲಿ ಡಬ್ಬಿ ನನ್ನ ಕೈಗೆ ಕೊಟ್ಟು, ಮುಂದುವರಿಸಿ, ಬಾಯಿ ಬಿಡಬೇಡಿ ಅಂದ್ರು."

ನನ್ನ ಆಟ ಅಲ್ಲಿಗೆ ಮುಗಿಯಿತು. ಆದರೆ ಅವರಿಬ್ಬರ ಕಾರ್ಡ್ ನನ್ನ ಹತ್ತಿರ ಇತ್ತು. ಉಳಿದ ಐದು ಹೋಲ್ ಜೊತೆಗೇ ನಡೆದು, ಅವರ ಹೊಡೆತ ಎಣಿಸಿ ಬರೆದುಕೊಟ್ಟೆ. ಹಸಿರು ಗಿಳಿಗಳು ಪೊದೆಯಿಂದ ಪೊದೆಗೆ ಕಿರುಚುತ್ತಾ ಹಾರುತ್ತಿದ್ದವು.

ಕೆಫೆಯಲ್ಲಿ ನಮಗಿಂತ ಮುಂಚೆ ಆಡಿ ಮುಗಿಸಿದ ಮೂರು ಗುಂಪಿನವರೂ ಕಾಯುತ್ತಿದ್ದರು. ನಿಂತುಕೊಂಡೇ ಹೇಳಿದೆ: ಹೋದ ವರ್ಷದ್ದು, ಈ ವರ್ಷದ್ದು, ಎರಡೂ ಸೀಸನ್‌ಗಳ ನನ್ನ ಅಂಕ ರದ್ದು. ಯಾರೂ ಆಶ್ಚರ್ಯಪಡಲಿಲ್ಲ. ಅದೇ ನನಗೆ ಹೆಚ್ಚು ಚುಚ್ಚಿತು. ಹನ್ನೊಂದು ಜನಕ್ಕೂ ಗೊತ್ತಿತ್ತು. ಒಬ್ಬರು ಮೆಲ್ಲಗೆ, "ಸರ್, ಕ್ಯಾರಿಯರ್ ಮೇಲೆ ಆಗ್ಲೇ ನಿಮ್ಮ ಹೆಸರು ಕೆತ್ತಿಸಿಬಿಟ್ಟಿದೀವಿ," ಅಂದರು. ಬಾಗಿಲ ಹತ್ತಿರ ಹೋದಾಗ ವಾರ್ಫ್‌ನವರು ಹಿಂದೆಯೇ ಬಂದರು.

"ಸರ್, ತಪ್ಪು ತಿಳ್ಕೋಬೇಡಿ. ಇವತ್ತು ಸಂಜೆ ಏಳಕ್ಕೆ..."

ಹೇಸ್ ಕಡೆಯ ಬಸ್ ಹತ್ತಿದೆ.

ಹೇಸ್‌ನಲ್ಲಿ ಅವರ ಮನೆ ಸಾಲುಮನೆಗಳ ಕೊನೆಯದು. ಗಂಟೆ ಒತ್ತಿದಾಗ ನಾಲ್ಕು ಹತ್ತು. ಅವರೇ ಬಾಗಿಲು ತೆರೆದರು. ಸ್ವೆಟರಿನ ಮೇಲೆ ಹಿಟ್ಟು. ರೊಟ್ಟಿ ಬಡಿಯುತ್ತಿದ್ದರೆಂದು ಕಾಣುತ್ತದೆ.

"ಏನ್ರಿ ಸಾಹೇಬ್ರ, ದಾರಿ ತಪ್ಪಿ ಬಂದ್ರೇನು?"

ಜೇಬಿನಿಂದ ಎರಡು ಏಳನ್ನೂ ತೆಗೆದು ಅಂಗೈಯಲ್ಲಿ ಹಿಡಿದೆ. ಅವರು ನೋಡಿದರು. ನಗಲಿಲ್ಲ.

"ಸಿಕ್ಕಬಿದ್ವಿ ಅನ್ರಿ. ಯಾರು ಹೇಳಿದ್ರು?"

"ನಾಯಿ," ಅಂದೆ. "ಆವತ್ತು ಯಾಕ ಹೇಳಲಿಲ್ಲ ನೀವು?"

"ಏನಂತ ಹೇಳೂದು? ನಿಮಗ ಕಣ್ಣು ಕಾಣಂಗಿಲ್ಲ ಅಂತ ಅಷ್ಟು ಮಂದಿ ಮುಂದ ಹೇಳಬೇಕಿತ್ತೇನು? ಬಾವುಟ ಯಾವ ಕಡೆ ಅದ ಅಂತ ನೀವು ನನಗ ಕೇಳಾಕ ಶುರು ಮಾಡಿದ ದಿನಾನ ನನಗ ತಿಳೀತು."

"ನಾ ಕೇಳಿರಲಿಲ್ಲಲ್ಲ. ಸುಳ್ಳು ಗೆಲುವು ನಾ ಕೇಳಿರಲಿಲ್ಲ."

"ಕೇಳಿರಲಿಲ್ಲ ಖರೇ. ನಾ ಮಾಡಿದ್ದೂ ಮೋಸಾನ. ನಿಮ್ಮ ನಿಯಮ ಬರೋಬ್ಬರಿ ಅದ." ಅವರು ಕೈಯ ಹಿಟ್ಟನ್ನು ಉಜ್ಜಿ ಉದುರಿಸಿದರು. "ಆದ್ರ ಒಂದು ಮಾತು. ಆವತ್ತು ಆ ಚೆಂಡು ಎತ್ತಿ ನೋಡಬಹುದಿತ್ತು ನೀವು. ಯಾರದ್ದು ಅಂತ ಒಂದು ಸಲ ಕೇಳಬಹುದಿತ್ತು. ಇಷ್ಟು ವರ್ಷದ ಗೆಳೆಯನ್ನ ಕೇಳದ ನಿಯಮ ಓದಿ ಹೊರಗ ಹಾಕಿದ್ರಿ."

"ಮುಂದಿನ ಐತವಾರ ಕೊನೇ ಆಟ ಅದ. ಬರ್ರಿ."

"ಇಲ್ಲರಿ. ಸೆಟ್ ವಾಪಸ್ ಚಾರಿಟಿ ಅಂಗಡಿಗೆ ಕೊಟ್ಟೆ." ಅವರು ಒಳಗಿನ ಗೋಡೆಯ ಗಡಿಯಾರ ನೋಡಿದರು. "ಏಳಕ್ಕ ಬುಕಿಂಗ್ ಅದಲ್ಲ ನಿಮಗ? ಹೋಗ್ರಿ, ಬಸ್ ತಪ್ಪೀತು."

ಒಳಗೆ ಬನ್ನಿ ಅನ್ನಲಿಲ್ಲ. ನಮ್ಮ ಕಡೆಯವರು ಬಾಗಿಲಿಗೆ ಬಂದ ಅಪರಿಚಿತನಿಗೂ ಚಹಾ ಕುಡೀರಿ ಅನ್ನುತ್ತಾರೆ. ಬಸ್‌ಸ್ಟಾಪಿನಲ್ಲಿ ನಿಂತಾಗ ನನಗೆ ಅವರ ಮೇಲೂ ಸಿಟ್ಟಿತ್ತು, ಈಗಲೂ ಇದೆ. ನನ್ನ ಕಣ್ಣು, ನನ್ನ ಸೋಲು, ನನ್ನನ್ನೊಂದು ಮಾತು ಕೇಳದೆ ತಾವೇ ತೀರ್ಮಾನ ಮಾಡಿದರು. ಕೇಳದೆ ತೀರ್ಮಾನ ಮಾಡಿದವನು ನಾನೂ ಹೌದು. ಇಬ್ಬರೂ ಒಂದೇ ತಪ್ಪು ಮಾಡಿದೆವೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆಗಲಿಲ್ಲ. ಅವರ ತಪ್ಪಿನಿಂದ ನನಗೆ ಟಿಫಿನ್ ಕ್ಯಾರಿಯರ್ ಬಂತು. ನನ್ನ ತಪ್ಪಿನಿಂದ ಅವರ ಭಾನುವಾರ ಹೋಯಿತು.

ಆರೂವರೆಗೆ ಮನೆ. ಹೆಂಡತಿ ಊಟಕ್ಕೆ ಕರೆದಳು, ಏಳಾಗಲಿ ಅಂದೆ. ರಿಜಿಸ್ಟರ್ ತೆಗೆದು ಎರಡು ಸೀಸನ್‌ಗಳ ನನ್ನ ಸಾಲಿನ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದೆ. ಹೋದ ವರ್ಷದ ಏಪ್ರಿಲ್ ಪುಟದಲ್ಲಿ ಹೇಸ್‌ನವರ ಹೆಸರಿನ ಮೇಲಿದ್ದ ಗೆರೆಯನ್ನು ಅಳಿಸಲು ಆಗುವುದಿಲ್ಲ, ಅದು ಶಾಯಿಯದು. ಪಕ್ಕದಲ್ಲಿ ಹೊಸದಾಗಿ ಅವರ ಹೆಸರು ಬರೆದು, ಹೊಡೆದುಹಾಕಿದ್ದು ತಪ್ಪು ಎಂದು ಸೇರಿಸಿ ಸಹಿ ಮಾಡಿ, ಸಮಯ ಹಾಕಿದೆ.

ಆರು ಐವತ್ತೆಂಟಕ್ಕೆ ಕಂಪ್ಯೂಟರ್ ಎದುರು ಕೂತು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡೆ. ಏಳಕ್ಕೆ ಪುಟ ತೆರೆಯಿತು. ಎಂಟು ಇಪ್ಪತ್ತು, ಎಂಟು ಇಪ್ಪತ್ತೆಂಟು, ಎಂಟು ಮೂವತ್ತಾರು, ಎಂಟು ನಲವತ್ತನಾಲ್ಕು. ನಾಲ್ಕೂ ಸಿಕ್ಕವು. ಹನ್ನೊಂದು ಹೆಸರು ತುಂಬಿದೆ. ಹನ್ನೆರಡನೆಯ ಜಾಗದಲ್ಲಿ, ಆರು ವರ್ಷ ನನ್ನ ಹೆಸರು ಹಾಕುತ್ತಿದ್ದಲ್ಲಿ, ಅವರ ಹೆಸರು ಹಾಕಿದೆ. ಅವರು ಬರುವುದಿಲ್ಲ ಎಂದು ಗೊತ್ತಿದೆ. ಏಳು ಗಂಟೆ ಎರಡು ನಿಮಿಷಕ್ಕೆ ದೃಢೀಕರಣದ ಇಮೇಲ್ ಬಂತು. ಪ್ರಿಂಟ್ ತೆಗೆದು, ತೂತು ಹೊಡೆದು, ಫೈಲಿಗೆ ಸೇರಿಸಿದೆ.