ಸಾಯಬಣ್ಣನ ಹದಿನೆಂಟು ಸ್ಟೇಷನ್

ಸಾಯಬಣ್ಣ ಮೊದಲ ಸಲ ವರ್ಗಕ್ಕೆ ಬಂದದ್ದು ೧೯೮೬ರ ಜೂನ್ ತಿಂಗಳ ಒಂದು ಭಾನುವಾರ. ಪರೇಲಿನ ಮುನಿಸಿಪಾಲಿಟಿ ಶಾಲೆಯ ಒಂದು ಕೋಣೆಯಲ್ಲಿ, ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರವರೆಗೆ, ದೊಡ್ಡವರಿಗೆ ಕನ್ನಡ ಅಕ್ಷರ ಕಲಿಸುವ ವರ್ಗ ಅದು. ನಡೆಸುತ್ತಿದ್ದವರು ಮೈಸೂರು ಕಡೆಯ ನಿವೃತ್ತ ಮಾಸ್ತರು, ಸತ್ಯಮೂರ್ತಿಗಳು. ಒದ್ದೆ ಕೊಡೆಯನ್ನು ಎಲ್ಲಿಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡು, ನಲವತ್ತರ ಹತ್ತಿರದ ಗಂಡಸೊಬ್ಬ ಬಾಗಿಲಲ್ಲಿ ನಿಂತಿದ್ದ. ಒಳಗೆ ಬಾ ಎಂದರೆ ಬಂದ. ಮಕ್ಕಳ ಬೆಂಚಿನಲ್ಲಿ ಅವನ ಮೊಣಕಾಲು ಹಿಡಿಸಲಿಲ್ಲ. ಅಡ್ಡ ತಿರುಗಿ ಕೂತ.

ಈ ವಯಸ್ಸಿನಲ್ಲಿ ಅಕ್ಷರ ಯಾಕೆ ಬೇಕಾಯಿತಪ್ಪ ಎಂದು ಮಾಸ್ತರು ಕೇಳಿದರು. ಅವನು ಸುತ್ತಲಿದ್ದವರನ್ನೊಮ್ಮೆ ನೋಡಿ, ನಾಚಿಕೊಂಡೇ ಹೇಳಿದ. ಯುಗಾದಿಗೆ ಒಬ್ಬನೇ ಊರಿಗೆ ಹೊರಟಿದ್ದನಂತೆ. ಬೆಳಗಿನ ನಿದ್ದೆಗಣ್ಣಿನಲ್ಲಿ ತಾನಿಳಿಯಬೇಕಾದ ಗಾಣಗಾಪುರವೇ ಬಂತೆಂದು ತಿಳಿದು ದುಧನಿಯಲ್ಲಿ ಇಳಿದುಬಿಟ್ಟನಂತೆ. ಮುಂದಿನ ಗಾಡಿಗೆ ಅರ್ಧ ದಿನ ಕಾದದ್ದು ಹೋಗಲಿ, ಹೆಂಡತಿ ಕಸ್ತೂರಿಬಾಯಿ ಅದನ್ನು ತಾವಿದ್ದ ಚಾಳಿನ ಮನೆ ಮನೆಗೂ ಹೇಳಿಕೊಂಡು ನಕ್ಕಳಂತೆ.

"ಬೋರ್ಡ್ ಓದ್ಲಾಕ ಬಂದ್ರ ಸಾಕ್ರೀ ಮಾಸ್ತರ್ರ. ಪುಸ್ತಕ ಗಿಸ್ತಕ ಏನೂ ಬ್ಯಾಡ," ಅಂದ.

ಮಾಸ್ತರು ಹಾಗೆಯೇ ಕಲಿಸಿದರು. ಅ ಆ ಇ ಈ ಪಕ್ಕಕ್ಕಿಟ್ಟು, ಅವನ ಗಾಡಿ ಹಾಯ್ದು ಹೋಗುವ ಊರುಗಳನ್ನು ಕರಿಹಲಗೆಯ ಮೇಲೆ ಒಂದರ ಕೆಳಗೊಂದು ಬರೆದರು. ವಿ.ಟಿ., ದಾದರ, ಠಾಣೆ, ಕಲ್ಯಾಣ, ಕರ್ಜತ, ಲೋಣಾವಳ, ಪುಣೆ, ದೌಂಡ, ಜೇವೂರ, ಕುರ್ಡುವಾಡಿ, ಮೋಹೋಳ, ಸೊಲ್ಲಾಪುರ, ಅಕ್ಕಲಕೋಟ, ದುಧನಿ, ಗಾಣಗಾಪುರ, ಗುಲಬರ್ಗಾ, ಶಹಾಬಾದ, ವಾಡಿ. ಒಟ್ಟು ಹದಿನೆಂಟು. ವರ್ಷ ತುಂಬುವುದರೊಳಗೆ ಅವನು ಅಷ್ಟನ್ನೂ ನೋಡದೆ ಬರೆಯಬಲ್ಲವನಾದ. ಬೇರೆ ಯಾವ ಮಾತು ಬರೆಯಲು ಹೇಳಿದರೂ ಈ ಊರುಗಳಿಂದಲೇ ಅಕ್ಷರ ಕಿತ್ತು ತರುತ್ತಿದ್ದ. 'ಕದ' ಎಂದು ಬರೆಯುವಾಗ ತುಟಿ ಅಲುಗುತ್ತಿತ್ತು: ಕಲ್ಯಾಣದ ಕ, ದುಧನಿ ಅಲ್ಲ, ದಾದರದ್ದೇ ದ.

ಅವನ ಹಿಂದಿನ ಕಥೆ ಮಾಸ್ತರಿಗೆ ಸ್ವಲ್ಪ ಸ್ವಲ್ಪವಾಗಿ ತಿಳಿಯಿತು. ಪರೇಲಿನ ಒಂದು ಬಟ್ಟೆ ಗಿರಣಿಯಲ್ಲಿ ಹನ್ನೊಂದು ವರ್ಷ ಬದಲಿಯಾಗಿದ್ದ. ಕಾಯಂ ಕೆಲಸಗಾರ ಬಾರದ ದಿನ ಅವನ ಜಾಗದಲ್ಲಿ ಮಗ್ಗಕ್ಕೆ ನಿಲ್ಲುವವನು ಬದಲಿ. ಬೆಳಿಗ್ಗೆ ಏಳಕ್ಕೆ ಡಬ್ಬಿ ಹಿಡಿದು ಗೇಟಿನಲ್ಲಿ ನಿಂತಿರಬೇಕು. ಹೆಸರು ಕೂಗಿದರೆ ಒಳಗೆ, ಇಲ್ಲದಿದ್ದರೆ ಡಬ್ಬಿ ಸಮೇತ ಮನೆಗೆ. ಬರುವ ದೀಪಾವಳಿಗೆ ಪರ್ಮನೆಂಟ್ ಎಂದು ಹನ್ನೊಂದು ದೀಪಾವಳಿ ಹೇಳಿಸಿಕೊಂಡಿದ್ದ. ಎಂಬತ್ತೆರಡರ ಮುಷ್ಕರದಲ್ಲಿ ಗೇಟೇ ಮುಚ್ಚಿತು. ಅದು ಮತ್ತೆ ತೆರೆದಾಗ ಬದಲಿಯವರ ಹೆಸರನ್ನು ಯಾರೂ ಕೂಗಲಿಲ್ಲ. ಕೆಲವು ವರ್ಷ ಸಿಕ್ಕ ಕೆಲಸ ಮಾಡಿದ ಮೇಲೆ ಕಸ್ತೂರಿಬಾಯಿಯ ಅಣ್ಣ ಶೆಟ್ಟೆಪ್ಪ ಅವನನ್ನು ತನ್ನ ಜೊತೆ ವೈರಿಂಗ್ ಕಾಂಟ್ರಾಕ್ಟಿಗೆ ಹಾಕಿಕೊಂಡ. ಸಾಯಬಣ್ಣನಿಗೆ ಈ ಲೋಕದಲ್ಲಿ ಬೇಕಾದದ್ದು ಒಂದೇ ಆಗಿತ್ತು. ಯಾವುದಾದರೂ ಒಂದು ಕಡೆ, ಯಾವುದಾದರೂ ಒಂದು ರಿಜಿಸ್ಟರಿನಲ್ಲಿ, ಪರ್ಮನೆಂಟ್ ಆಗಬೇಕು.

ತೊಂಬತ್ತನೆಯ ಇಸವಿಯಲ್ಲಿ ಬಾಂದ್ರಾದ ಒಂದು ಆಫೀಸಿಗೆ ಕಂಪ್ಯೂಟರುಗಳು ಬಂದವು. ಅವನ್ನೆಲ್ಲ ಒಂದಕ್ಕೊಂದು ಜೋಡಿಸುವ ವೈರು ಎಳೆಯಲು ಶೆಟ್ಟೆಪ್ಪ ಸಾಯಬಣ್ಣನನ್ನು ಕಳಿಸಿದ. ಅಲ್ಲಿಯ ಎಂಜಿನಿಯರ್ ಕಿಟ್ಟು ಬೆಂಗಳೂರಿನವನು, ಆಗ ತಾನೇ ಕೆಲಸಕ್ಕೆ ಸೇರಿದವನು. ಕನ್ನಡದವನೊಬ್ಬ ಸಿಕ್ಕನಲ್ಲ ಎಂದು ಅವನಿಗೆ ಎಷ್ಟು ಖುಷಿಯಾಯಿತೆಂದರೆ, ತನ್ನ ಚಹಾವನ್ನು ಸಾಸರಿಗೆ ಸುರಿದು ಅರ್ಧ ಕೊಟ್ಟ. ಆಮೇಲೆ ಕಪ್ಪು ವೈರಿನ ಸುರುಳಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ವಿವರಿಸಿದ.

"ನೋಡಪ್ಪ, ಇದು ಒಂದೇ ಲೈನು. ಒಂದೊಂದು ಕಂಪ್ಯೂಟರೂ ಒಂದೊಂದು ಸ್ಟೇಷನ್. ಎರಡು ತುದಿಗೂ ಈ ಮುಚ್ಚಳ ಇರ್ಲೇಬೇಕು, ಟರ್ಮಿನೇಟರ್ ಅಂತಾರೆ. ಮಧ್ಯೆ ಎಲ್ಲಾದ್ರೂ ಬಿಟ್ಕೊಂಡ್ರೆ ಇಡೀ ಲೈನ್ ನಿಂತೋಗತ್ತೆ."

ಸಾಯಬಣ್ಣನಿಗೆ ಇಷ್ಟು ಚೆನ್ನಾಗಿ ಯಾರೂ ಯಾವುದನ್ನೂ ತಿಳಿಸಿ ಹೇಳಿರಲಿಲ್ಲ. ಒಂದೇ ಲೈನು, ಅದರ ಮೇಲೆ ಸ್ಟೇಷನ್ನುಗಳು, ಎರಡು ಕಡೆ ಟರ್ಮಿನಸ್. ಇದರಲ್ಲಿ ತಿಳಿಯದಿರಲು ಏನಿದೆ? ವೈರು ಎಳೆದು ಮುಗಿದ ಶನಿವಾರ ಕಿಟ್ಟು ಮನೆಗೆ ಹೊರಡುವ ಅವಸರದಲ್ಲಿ, ಎಲ್ಲ ಸ್ಟೇಷನ್ನಿಗೂ ಹೆಸರು ಬರೆದು ಚೀಟಿ ಕಟ್ಟಿಬಿಡು ಎಂದು ಹೇಳಿ ಹೋದ. ಯಂತ್ರಗಳ ಹೆಸರಿನ ಇಂಗ್ಲಿಷ್ ಪಟ್ಟಿ ಅವನ ಬ್ಯಾಗಿನಲ್ಲೇ ಉಳಿಯಿತು. ಸಾಯಬಣ್ಣ ಎಣಿಸಿದ. ಯಂತ್ರಗಳು ಹದಿನೆಂಟು. ಇನ್ನೊಮ್ಮೆ ಎಣಿಸಿದ, ಹದಿನೆಂಟೇ. ಬೆರಳಗಲದ ರಟ್ಟಿನ ಚೀಟಿಗಳ ಮೇಲೆ, ಗೋಡೆಯ ತುದಿಯ ಯಂತ್ರಕ್ಕೆ ವಿ.ಟಿ. ಎಂದು ಶುರುಮಾಡಿ, ಮ್ಯಾನೇಜರರ ಕೋಣೆಯ ಕೊನೆಯ ಯಂತ್ರಕ್ಕೆ ವಾಡಿ ಎಂದು ಮುಗಿಸಿದ.

ಸೋಮವಾರ ಕಿಟ್ಟು ಅದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ಆದರೆ ತೆಗೆಸಲಿಲ್ಲ. ಲೈನು ನೋಡಿಕೊಳ್ಳಲು ಸಾಯಬಣ್ಣ ಕಾಂಟ್ರಾಕ್ಟಿನ ಮೇಲೆ ಅಲ್ಲೇ ಉಳಿದ. ಒಂದೇ ತಿಂಗಳಲ್ಲಿ ಆ ಚೀಟಿಗಳ ಬೆಲೆ ಅವನಿಗೆ ಗೊತ್ತಾಯಿತು. ಲೈನು ನಿಂತಾಗ ಮೋಹೋಳಕ್ಕೂ ಸೊಲ್ಲಾಪುರಕ್ಕೂ ನಡುವೆ ಎಂದರೆ ಎಲ್ಲಿ ಎಂದು ಸಾಯಬಣ್ಣ ಯೋಚಿಸಬೇಕಾಗಿರಲಿಲ್ಲ, ಅವನ ಕಾಲೇ ಅತ್ತ ನಡೆಯುತ್ತಿತ್ತು. ಎಂಟನೆಯ ಯಂತ್ರದಲ್ಲಿ ಕೂರುತ್ತಿದ್ದ ಮಂಗಳೂರಿನ ವಸಂತಿಗೆ ದೌಂಡ ಮೇಡಂ ಎಂದೇ ಹೆಸರಾಯಿತು. ಅವಳ ಕುರ್ಚಿ ತಾಗಿ ಜೋಡಣೆ ಸಡಿಲವಾಗುವುದು ವಾರಕ್ಕೊಮ್ಮೆಯಾದರೂ ಇದ್ದದ್ದೇ. ಕಿಟ್ಟು ಮ್ಯಾನೇಜರರ ಹತ್ತಿರ ಮಾತಾಡಿದ್ದೇನೆ ಎಂದ. ನೆಟ್‌ವರ್ಕ್ ಅಸಿಸ್ಟೆಂಟ್ ಎಂದು ಒಂದು ಹುದ್ದೆ ಬರಲಿದೆ, ಅದು ನಿನಗೇ, ಪರ್ಮನೆಂಟ್ ಎಂದ. ಆ ಭಾನುವಾರ ವರ್ಗದಲ್ಲಿ ಸಾಯಬಣ್ಣ ಎಲ್ಲರಿಗೂ ಪೇಢೆ ಹಂಚಿದ. ಕಸ್ತೂರಿಬಾಯಿ ಕೂಡ ಬಂದಿದ್ದಳು. ದುಧನಿಯಲ್ಲಿ ಇಳಿದದ್ದು ಒಳ್ಳೆಯದೇ ಆಯಿತು ನೋಡ್ರಿ ಎಂದು ಮಾಸ್ತರ ಮುಂದೆ ಗಂಡನನ್ನು ಇನ್ನೊಮ್ಮೆ ಹಾಸ್ಯ ಮಾಡಿದಳು.

ಎರಡು ವರ್ಷ ಹೀಗೆ ಕಳೆಯಿತು. ತೊಂಬತ್ತೆರಡರ ಕೊನೆಗೆ, ಎಲ್ಲ ಊರುಗಳ ಆಫೀಸುಗಳನ್ನೂ ಒಂದಕ್ಕೊಂದು ಜೋಡಿಸಬೇಕೆಂದು ಹೆಡ್ ಆಫೀಸು ತೀರ್ಮಾನಿಸಿತು. ಎಲ್ಲ ಕಡೆಯೂ ವೈರು, ಹೆಸರು, ಚೀಟಿ ಒಂದೇ ರೀತಿ ಇರಬೇಕೆಂದು ಸ್ಟ್ಯಾಂಡರ್ಡುಗಳ ಒಂದು ದಪ್ಪ ಪುಸ್ತಕ ಬಂತು. ಅದರ ಹಿಂದೆಯೇ ತಪಾಸಣೆಗೆ ರಾಮಸ್ವಾಮಿ ಎಂಬ ದೊಡ್ಡ ಅಧಿಕಾರಿ ಬಂದರು. ಹುದ್ದೆಯ ಕಾಗದಕ್ಕೂ ಅವರದೇ ಸಹಿ ಬೀಳಬೇಕು. ಸಾಯಬಣ್ಣ ಆ ದಿನ ಇಸ್ತ್ರಿಯ ಅಂಗಿ ಹಾಕಿಕೊಂಡು ಏಣಿಯ ಹತ್ತಿರ ನಿಂತಿದ್ದ.

ರಾಮಸ್ವಾಮಿಯವರು ವಸಂತಿಯ ಮೇಜಿನ ಬಳಿ ಬಗ್ಗಿ, ಚೀಟಿಯನ್ನು ಎರಡು ಬೆರಳಲ್ಲಿ ತಿರುಗಿಸಿ, "ದೌಂಡ," ಎಂದು ಓದಿದರು. ಸಾಯಬಣ್ಣನ ಎದೆ ತುಂಬಿ ಬಂತು. ಟೈ ಕಟ್ಟಿದವರೊಬ್ಬರು ಅವನ ಅಕ್ಷರವನ್ನು ಗಟ್ಟಿಯಾಗಿ ಓದಿದ್ದು ಅದೇ ಮೊದಲು. ಅವರು ಮುಂದಿನ ಚೀಟಿಯನ್ನೂ ಓದಿದರು, ಅದರ ಮುಂದಿನದನ್ನೂ. ಆಮೇಲೆ ಪಕ್ಕದಲ್ಲಿದ್ದ ಗುಜರಾತಿ ಮ್ಯಾನೇಜರರಿಗೆ ತಿಳಿಯದಿರಲೆಂದು ಕಿಟ್ಟುವಿನೊಡನೆ ಕನ್ನಡಕ್ಕೆ ತಿರುಗಿದರು.

"ಏನಯ್ಯಾ ಇದು, ಆಫೀಸೋ, ರೈಲ್ವೆ ಟೈಂಟೇಬಲ್ಲೋ? ಯಾರು ಬರೆದದ್ದು?"

ಕಿಟ್ಟು ಏಣಿಯ ಕಡೆ ನೋಡಲಿಲ್ಲ. "ಗೊತ್ತಿಲ್ಲ ಸಾರ್. ಕಾಂಟ್ರಾಕ್ಟಿನೋರು ಯಾರೋ ತಮಾಷೆಗೆ ಕಟ್ಟಿರ್ಬೇಕು. ನಾನು ಗಮನಿಸಿರ್ಲಿಲ್ಲ."

"ಅನಕ್ಷರಸ್ಥರನ್ನೆಲ್ಲ ಒಳಗೆ ಬಿಟ್ಟುಕೊಂಡ್ರೆ ಹೀಗೇ ಆಗೋದು. ಇವತ್ತೇ ತೆಗೆಸು."

ಏಣಿ ಇದ್ದದ್ದು ಎರಡು ಮಾರು ದೂರದಲ್ಲಿ. ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಆಡಿದ್ದರೆ ಅರ್ಧ ತಿಳಿಯುತ್ತಿತ್ತು, ಅರ್ಧ ಬಿಟ್ಟುಹೋಗುತ್ತಿತ್ತು. ಕನ್ನಡದಲ್ಲಿ ಆಡಿದ್ದರಿಂದ ಒಂದು ಅಕ್ಷರವೂ ತಪ್ಪಲಿಲ್ಲ.

ಊಟದ ಹೊತ್ತಿನ ಮೇಲೆ ಕಿಟ್ಟು ಕತ್ತರಿ ತಂದು ಮೇಜಿನ ಮೇಲಿಟ್ಟ. ಸಂಜೆಯೊಳಗೆ ತೆಗೆದುಬಿಡಪ್ಪ ಎಂದ, ಮುಖ ತಿರುಗಿಸಿಕೊಂಡೇ. ವಸಂತಿ ಬರೆಯುತ್ತಿದ್ದ ಕೈ ನಿಲ್ಲಿಸಿದಳು.

"ಕಿಟ್ಟು, ನಿಮಗೆ ಕನ್ನಡ ಓದ್ಲಿಕ್ಕೆ ಬರುದಿಲ್ವಾ ಮಾರಾಯ್ರೆ? ಎರಡು ವರ್ಷದಿಂದ ನನ್ನ ಟೇಬಲಿನಲ್ಲೇ ನೇತಾಡ್ತಿತ್ತಲ್ಲ."

ಕಿಟ್ಟು ತನ್ನ ಮೇಜಿಗೆ ಹೋಗಿಬಿಟ್ಟ. ಅವನ ಬಡ್ತಿಯ ಕಾಗದವೂ ಅದೇ ರಾಮಸ್ವಾಮಿಯವರ ಕೈಯಲ್ಲಿತ್ತೆಂದು ವಸಂತಿ ಆಮೇಲೆ ಸಾಯಬಣ್ಣನಿಗೆ ಹೇಳಿದಳು. ಸಾಯಬಣ್ಣ ವಾಡಿಯಿಂದ ಶುರುಮಾಡಿ ಒಂದೊಂದೇ ದಾರ ಕತ್ತರಿಸುತ್ತ ವಿ.ಟಿ.ಗೆ ಬಂದು ಮುಟ್ಟಿದ.

ಮುಂದಿನ ಭಾನುವಾರ ಅವನು ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ. ಪ್ಲಾಸ್ಟಿಕ್ ಚೀಲದಿಂದ ಹದಿನೆಂಟು ಚೀಟಿಗಳನ್ನು ತೆಗೆದು ಬೆಂಚಿನ ಮೇಲೆ ಸಾಲಾಗಿ ಜೋಡಿಸಿದ.

"ಅಕ್ಷರದಾಗ ಏನರ ತಪ್ಪ ಅದ ಏನ್ ನೋಡ್ರೀ ಮಾಸ್ತರ್ರ."

ಮಾಸ್ತರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ನಲವತ್ತು ವರ್ಷದ ಅಭ್ಯಾಸ, ಕೈ ತಾನಾಗಿಯೇ ಕೆಂಪು ಪೆನ್ನಿಗೆ ಹೋಯಿತು. ಒಂದೊಂದನ್ನೂ ಓದಿದರು. ಹದಿಮೂರನೆಯ ಚೀಟಿಯಲ್ಲಿ 'ಅಕಲಕೋಟ' ಎಂದಿತ್ತು. ಕಕಾರಕ್ಕೆ ಒತ್ತು ಕೊಟ್ಟು ತಿದ್ದಿದರು. ಇದೊಂದೇ ತಪ್ಪು, ಉಳಿದದ್ದೆಲ್ಲ ಮುತ್ತಿನ ಹಾಗಿದೆ ಎಂದು ಸಂತೋಷದಿಂದ ಹೇಳಿದರು.

"ಹಂಗಂದ್ರ ಒಂದು ತಪ್ಪಿತ್ತು," ಅಂದ ಸಾಯಬಣ್ಣ.

ಆಮೇಲೆ ನಡೆದದ್ದನ್ನು ಹೇಳಿದ. ಮಾಸ್ತರು ಪೆನ್ನಿಗೆ ಟೊಪ್ಪಿ ಹಾಕುವುದನ್ನೂ ಮರೆತು ಕೇಳಿದರು. ಆ ತಿದ್ದುಪಡಿಯನ್ನು ಅಳಿಸಲು ಸಾಧ್ಯವಿದ್ದರೆ ಅವರು ಆಗಲೇ ಅಳಿಸಿಬಿಡುತ್ತಿದ್ದರು. ರಾಮಸ್ವಾಮಿಯವರಿಗೆ ಒಂದು ಕಾಗದ ಬರೆದರು. ಕಂಪ್ಯೂಟರನ್ನು ಸ್ಟೇಷನ್ ಎಂದು ಕರೆದವರು ತಮ್ಮ ಕಡೆಯವರೇ ಹೊರತು ಸಾಯಬಣ್ಣನಲ್ಲ, ಅವನು ಹೇಳಿದ ಮಾತನ್ನು ಹೇಳಿದಂತೆಯೇ ನಡೆಸಿದವನು ಎಂದು ವ್ಯಾಕರಣಶುದ್ಧವಾಗಿ ಎರಡು ಪುಟ. ಉತ್ತರ ಬರಲಿಲ್ಲ.

ಹುದ್ದೆ ಸರ್ಟಿಫಿಕೇಟ್ ಇದ್ದ ಬೇರೆಯವನಿಗೆ ಹೋಯಿತು. ಕಿಟ್ಟು ಬಡ್ತಿ ಪಡೆದು ಹೆಡ್ ಆಫೀಸಿಗೆ ಹೋದ. ಕೆಲವು ತಿಂಗಳಲ್ಲಿ ಆ ಲೈನನ್ನೇ ಕಿತ್ತರು. ಹೊಸ ಪದ್ಧತಿಯಲ್ಲಿ ಪ್ರತಿ ಕಂಪ್ಯೂಟರಿಗೂ ಅದರದೇ ವೈರು, ಎಲ್ಲವೂ ಹೋಗಿ ಸೇರುವುದು ಒಂದು ಪೆಟ್ಟಿಗೆಗೆ. ಒಂದರ ಮುಂದೆ ಒಂದು ಎಂಬುದೇ ಅಲ್ಲಿಲ್ಲ. ಹಳೆಯ ವೈರನ್ನು ಸುತ್ತಿ ಕೊಟ್ಟದ್ದೇ ಸಾಯಬಣ್ಣ ಆ ಆಫೀಸಿನಲ್ಲಿ ಮಾಡಿದ ಕೊನೆಯ ಕೆಲಸ. ಆಮೇಲೆ ವರ್ಗಕ್ಕೂ ಬರಲಿಲ್ಲ.

ಈಗ ಅವನು ದಹಿಸರಿನಲ್ಲಿದ್ದಾನೆ. ಮನೆ ಮನೆಗೆ ಟಿ.ವಿ. ಚಾನೆಲ್ಲು ಕೊಡುವ ಕೇಬಲ್ಲಿನವನ ಅಂಗಡಿಯ ಮುಂದೆ ಬೆಳಿಗ್ಗೆ ಎಂಟಕ್ಕೆ ಡಬ್ಬಿ ಹಿಡಿದು ನಿಲ್ಲುತ್ತಾನೆ. ಕೂಗಿದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಒಂದು ಬಿಲ್ಡಿಂಗಿನ ತಾರಸಿಯಿಂದ ಇನ್ನೊಂದಕ್ಕೆ ವೈರು ಎಸೆದು ಕಟ್ಟುತ್ತಾನೆ. ವೈರು ಅದೇ ಜಾತಿಯದು, ಕಪ್ಪು ಬಣ್ಣದ್ದು. ತಾರಸಿಯ ಮೇಲೆ ನೂರು ವೈರು ಗಂಟುಬಿದ್ದಿರುತ್ತವೆ. ಯಾವುದು ಯಾರ ಮನೆಯದೆಂದು ಸಾಯಬಣ್ಣನೊಬ್ಬನಿಗೇ ಗೊತ್ತು. ಒಂದೊಂದಕ್ಕೂ ಹೆಸರಿನ ಚೀಟಿ ಕಟ್ಟು ಎಂದು ಅಂಗಡಿಯ ಸೇಠ್ ಎಷ್ಟೋ ಸಲ ಹೇಳಿ ನೋಡಿದ್ದಾನೆ.

"ಲಿಖ್‌ನಾ ನಹೀ ಆತಾ, ಸೇಠ್," ಅನ್ನುತ್ತಾನೆ, ಬರೆಯಲು ಬರುವುದಿಲ್ಲವೆಂದು.

ಹಾಜರಿ ಪುಸ್ತಕ ಮುಂದೆ ಬಂದಾಗ ಸಹಿ ಹಾಕುವುದಿಲ್ಲ. ಎಡಗೈ ಹೆಬ್ಬೆಟ್ಟನ್ನು ಶಾಯಿಯಲ್ಲಿ ಒತ್ತಿ ಗುರುತು ಹಾಕುತ್ತಾನೆ. ಬೆರಳನ್ನು ಗೋಡೆಗೆ ಒರೆಸಿ, ವೈರಿನ ಸುರುಳಿಯನ್ನು ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಾನೆ.