ಭಾವನ ಚಹಾ, ಮಗಳ ಕಿವಿ

ನನ್ನ ಗಂಡನ ಅಣ್ಣನಿಗೆ ಚಹಾದ ಮೇಲೆ ಕೆನೆ ಕಂಡರೆ ಓಕರಿಕೆ. ತುಟಿಗೆ ತಾಗಬೇಕೆಂದಿಲ್ಲ, ಕಣ್ಣಿಗೆ ಬಿದ್ದರೆ ಸಾಕು. ಅಂಕೋಲೆ ಹತ್ತಿರದ ನಮ್ಮ ಮೂಲಮನೆಯಲ್ಲಿ ಅವರ ಚಹಾ ಸೋಸಲೆಂದೇ ಬೇರೆ ಜಾಲರಿ ಇದೆ. ಒಮ್ಮೆ ಸೋಸಿ, ಮತ್ತೊಮ್ಮೆ ಸೋಸಿ, ಪುನಃ ಕೆನೆ ಕಟ್ಟುವ ಮೊದಲು ಓಡಿಹೋಗಿ ಕೈಗೆ ಕೊಡಬೇಕು. ಅತ್ತೆ ಇದ್ದಷ್ಟು ದಿನ ಅತ್ತೆ ಓಡಿದರು, ಈಗ ಭಾವನ ಹೆಂಡತಿ ಓಡುತ್ತಾಳೆ. ಇದನ್ನು ಯಾರೂ ಹಟ ಎಂದು ಕರೆದಿಲ್ಲ. ‘ಅವರದ್ದು ಭಾರಿ ನಾಜೂಕು’ ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ.

ಹಟ ಎಂಬ ಮಾತನ್ನು ಆ ಮನೆ ನನ್ನ ಆರು ವರ್ಷದ ಮಗಳಿಗೆ ಮೀಸಲಿಟ್ಟಿದೆ.

ಅವಳಿಗೆ ಅಂಗಿಯ ಒಳಗೆ ಹೊಲಿದ ಕಂಪನಿ ಚೀಟಿ ಚುಚ್ಚುತ್ತದೆ, ಮಿಕ್ಸರ್ ಸದ್ದಿಗೆ ಮೈಯೆಲ್ಲ ಸೆಟೆದುಕೊಳ್ಳುತ್ತದೆ. ಹುಬ್ಬಳ್ಳಿಯಲ್ಲಿ ತೋರಿಸಿದೆವು. ಕಿವಿ ಚೆನ್ನಾಗಿಯೇ ಇದೆ, ಒಳಗೆ ಬಂದ ಸದ್ದನ್ನು ತಗ್ಗಿಸಿಕೊಳ್ಳುವುದು ಅವಳ ಮಿದುಳಿಗೆ ಕಷ್ಟ, ಬೈದು ಹೆದರಿಸಿ ಸರಿಮಾಡುವಂಥದ್ದಲ್ಲ ಎಂದರು ವೈದ್ಯೆ. ಹಬ್ಬುವಾಡದ ನಮ್ಮ ಮನೆಯಲ್ಲಿ ಈಗ ಚೀಟಿ ಕತ್ತರಿಸುತ್ತೇನೆ. ಮಿಕ್ಸರ್ ಹಾಕುವ ಮೊದಲು ಕೂಗಿ ಹೇಳುತ್ತೇನೆ, ಅವಳು ಸದ್ದು ತಡೆಯುವ ಹೆಡ್‌ಫೋನ್ ಹಾಕಿಕೊಳ್ಳುತ್ತಾಳೆ. ಅಷ್ಟೇ, ದೊಡ್ಡ ತಪಸ್ಸೇನೂ ಅಲ್ಲ.

ಕಳೆದ ಚೌತಿಗೆ ಅವಳು ವಾರವಿಡೀ ಕೂತು ಹೂಬತ್ತಿ ಮಾಡಿದ್ದಳು. ಹತ್ತಿ ಮುಟ್ಟುವುದೆಂದರೆ ಅವಳಿಗೆ ಪ್ರಾಣ. ಮೂಲಮನೆಯ ಗಣಪತಿ ಆರತಿಯಲ್ಲಿ ತನ್ನ ಬತ್ತಿ ಉರಿಯುವುದನ್ನು ನೋಡಬೇಕು, ಅದೊಂದೇ ಆಸೆ. ಅಡ್ಡ ಇದ್ದದ್ದು ಜಾಗಟೆ. ಅದನ್ನು ಬಡಿಯುವ ಹಕ್ಕು ಭಾವನದು.

ಮೊದಲೇ ಕೇಳಿದೆ. ‘ಭಾವ, ಜಾಗಟೆ ಅಂಗಳದಲ್ಲಿ ನಿಂತು ಬಡೀಬಹುದಾ? ಮಗು ತಡ್ಕೊಳ್ಳೋದಿಲ್ಲ.’

‘ಎಂಥಾ ತಡ್ಕೊಳ್ಳೋದಿಲ್ಲ? ನಾಕು ಸಲ ಕಿವಿ ಮೇಲೆ ಬಿದ್ರೆ ರೂಢಿ ಆಗ್ತದೆ. ನೀವೇ ಮುದ್ದು ಮಾಡಿ ಹಾಳು ಮಾಡಿದ್ದು.’

ಆರತಿ ಶುರುವಾದಾಗ ಭಾವ ಅವಳ ತಲೆಯಿಂದ ಹೆಡ್‌ಫೋನ್ ಕಿತ್ತು, ಪಕ್ಕದಲ್ಲೇ ನಿಂತು ಜಾಗಟೆ ಬಡಿದರು. ಓದಿಕೊಂಡವರು, ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು! ಮಗಳು ಕಿರುಚಿ, ನಿಂತಲ್ಲೇ ಒದ್ದೆ ಮಾಡಿಕೊಂಡು ಹಿತ್ತಲಿಗೆ ಓಡಿದಳು. ನಾನು ಅವಳ ಹಿಂದೆ ಓಡಿದೆ. ಒಳಗೆ ಬತ್ತಿ ಉರಿದು ಆರಿತು. ನೆಂಟರು ನಗುವುದು ಹಿತ್ತಲವರೆಗೂ ಕೇಳಿಸಿತು, ನನಗೆ ಮೈ ಉರಿಯಿತು.

ಮರುದಿನ ಸಂಜೆ ಚಹಾ ನಾನೇ ಮಾಡಿದೆ. ದಪ್ಪ ಕೆನೆ ಕಟ್ಟುವವರೆಗೆ ಬಿಟ್ಟು, ಸೋಸದೆ, ನೆಂಟರೆಲ್ಲ ಕೂತಿದ್ದ ಜಗಲಿಗೆ ಒಯ್ದು ಭಾವನ ಕೈಗೆ ಕೊಟ್ಟೆ.

ಅವರ ಮುಖ ಬಿಳಿಚಿಕೊಂಡಿತು. ‘ಇದೆಂಥದು!’

‘ಕುಡೀರಿ ಭಾವ. ನಾಕು ಸಲ ನಾಲಿಗೆ ಮೇಲೆ ಬಿದ್ರೆ ರೂಢಿ ಆಗ್ತದೆ.’

ಲೋಟ ಕುಕ್ಕಿ, ಬಾಯಿ ಮುಚ್ಚಿಕೊಂಡು, ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಅಂಗಳದ ಅಂಚಿಗೆ ಓಡಿದರು. ನನಗೆ ಚೂರೂ ಪಾಪ ಎನಿಸಲಿಲ್ಲ. ಇನ್ನಷ್ಟು ಓಕರಿಸಲಿ ಎಂದೇ ಅನಿಸಿತು.

ಬಾಗಿಲ ಸಂದಿಯಿಂದ ನೋಡುತ್ತಿದ್ದ ಮಗಳು ಅಡುಗೆಮನೆಗೆ ಹೋಗಿ ಜಾಲರಿ ತಂದಳು. ‘ಆಯಿ, ದೊಡ್ಡಪ್ಪಂಗೆ ಅದು ಆಗೋದಿಲ್ಲ. ಸೋಸಿ ಕೊಡು.’

ನಾನು ಎರಡು ಸಲ ಸೋಸಿದೆ. ಭಾವ ಬಂದು ತಲೆ ಎತ್ತದೆ ಕುಡಿದರು.

ಅವರಿಗೆ ಬುದ್ಧಿ ಬಂತು ಎಂದು ನಾನು ಹೇಳುವುದಿಲ್ಲ. ಅವತ್ತಿನ ಆರತಿಗೆ ಜಾಗಟೆ ಮೊಳೆಯಲ್ಲೇ ಉಳಿಯಿತು. ಭುಜ ನೋಯುತ್ತದಂತೆ. ತಪ್ಪಾಯಿತು ಎನ್ನುವುದಕ್ಕಿಂತ ಭುಜ ನೋಯಿಸಿಕೊಳ್ಳುವುದು ಅಂಥವರಿಗೆ ಸುಲಭ. ಮಗಳು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು, ತನ್ನ ಬತ್ತಿ ಪೂರ್ತಿ ಉರಿದು ಆರುವವರೆಗೂ ಗಣಪತಿಯ ಮುಂದೆ ನಿಂತಿದ್ದಳು.