ಮಕಾಮೆ ಎತ್ತಿಬಿಡುತ್ತಿದ್ದ ಮುಳ್ಳು

ನಮ್ಮ ಓಣಿಯಲ್ಲಿ ಮಕಾಮೆಯನ್ನು ಹೊಗಳದವರಿಲ್ಲ. ನಾನೊಬ್ಬಳು ಹೊಗಳುವುದಿಲ್ಲ. ಸತ್ತವರ ಬಗ್ಗೆ ಹಾಗೆಲ್ಲ ಆಡಬಾರದು ಎನ್ನುವವರು ಆ ಮನುಷ್ಯನ ಪಕ್ಕದ ಮನೆಯಲ್ಲಿ ಇಪ್ಪತ್ತೆರಡು ವರ್ಷ ಬಾಳಿ ನೋಡಲಿ, ಆಮೇಲೆ ನನಗೆ ಬುದ್ಧಿ ಹೇಳಲಿ.

ಜಾಂಜಿಬಾರಿನ ಹಳೇ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡಿ ಗಳಿಸಿದ್ದನ್ನೆಲ್ಲ ಅವನು ಹಳೆಯ ಗ್ರಾಮಫೋನುಗಳ ಮೇಲೆ ಸುರಿದ. ಕೆಳಗಿನ ಪಡಸಾಲೆಯಲ್ಲಿ ನಲವತ್ತೊಂದು ಯಂತ್ರಗಳಿದ್ದವು. ದೊಡ್ಡ ಕಹಳೆಯವು, ಕಹಳೆಯನ್ನು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡ ಬೀರುವಿನಂಥವು, ಮತ್ತೆ ಎಲ್ಲಕ್ಕೂ ಹಿರಿಯದು, ಪ್ಲೇಟಿಗೆ ಬದಲು ಮೇಣದ ಉರುಳೆ ತಿರುಗಿಸುವ ಒಂದು. ಸಮುದ್ರದ ಗಾಳಿಗೆ ಮೇಣ ಬೂಷ್ಟು ಹಿಡಿಯುತ್ತದೆಂದು ಪೆಟ್ಟಿಗೆ ಪೆಟ್ಟಿಗೆಯಲ್ಲೂ ಲವಂಗ ಹಾಕಿಡುತ್ತಿದ್ದ. ಬಂದವರಿಗೆ ಕಾಫಿ ಕೊಡಿಸಿ ಪಾಠ ಶುರು ಮಾಡುತ್ತಿದ್ದ. ಕರೆಂಟಿನ ಕಾಲಕ್ಕೆ ಮೊದಲು ಹಾಡುವವರು ಕಹಳೆಯೊಳಕ್ಕೆ ಮುಖ ತೂರಿಸಿ ಹಾಡಬೇಕಿತ್ತಂತೆ, ಡೋಲಿನವನನ್ನು ಬಾಗಿಲ ಹತ್ತಿರ ನಿಲ್ಲಿಸುತ್ತಿದ್ದರಂತೆ, ಯಾರಾದರೂ ಕೆಮ್ಮಿದರೆ ಆ ಮೇಣ ಹಾಳಂತೆ, ಮತ್ತೆ ಮೊದಲಿಂದ ಹಾಡಬೇಕಂತೆ. ಕೇಳಲು ಸೊಗಸಾಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಆ ಹೊತ್ತಿನಲ್ಲಿ ಅಡುಗೆಮನೆಯಿಂದ ಒಂದು ಸದ್ದೂ ಬರಬಾರದು. ಅವನ ಹೆಂಡತಿ ಬೀ ಮಿಜಾ ತುರಿಯುತ್ತಿದ್ದ ತೆಂಗಿನಕಾಯಿಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುತ್ತಿದ್ದಳು. ನಾನು ಅವಳನ್ನು ಮಿಜಕ್ಕ ಎನ್ನುತ್ತೇನೆ.

ಮಿಜಕ್ಕನ ತಾಯಿ ಹಾಡುಗಾರ್ತಿ. ಮಗಳಿಗೆ ಮೂರು ವರ್ಷವಾಗಿದ್ದಾಗ ಪ್ಲೇಟಿಗೆ ಹಾಡಲೆಂದು ಹಡಗು ಹತ್ತಿ ಬೊಂಬಾಯಿಗೆ ಹೋದಳು. ಹಾಡಿದ ಮೇಲೆ ಜ್ವರ ಬಂದು ಅಲ್ಲೇ ಮಣ್ಣಾದಳು. ಊರಿಗೆ ಬಂದದ್ದು ಪ್ಲೇಟುಗಳು ಮಾತ್ರ. ಅವೂ ಒಂದೊಂದಾಗಿ ಒಡೆದು, ಕಳೆದುಹೋಗಿ, ಕೊನೆಗೆ ಎಲ್ಲೂ ಸಿಗದಂತಾದವು. ಮಿಜಕ್ಕನಿಗೆ ತಾಯಿಯ ಮುಖ ನೆನಪಿಲ್ಲ. ಅಂಥ ಪ್ಲೇಟೊಂದನ್ನು ಎಲ್ಲಿಂದಲೋ ಹುಡುಕಿ ತಂದು, ನಿಕಾಹದಲ್ಲಿ ಗಂಡು ಹೆಣ್ಣಿಗೆ ಕೊಡಲೇಬೇಕಾದ ಮಹರಿಯಾಗಿ ಕೊಟ್ಟವನು ಮಕಾಮೆ. ಬೇರೆ ಗಂಡಂದಿರು ಬಂಗಾರ ಕೊಡುತ್ತಾರೆ, ಇವನು ತಾಯಿಯನ್ನೇ ತಂದುಕೊಟ್ಟ ಎಂದು ಹೆಂಗಸರೆಲ್ಲ ಕಣ್ಣೊರೆಸಿಕೊಂಡರಂತೆ.

ಕೊಟ್ಟದ್ದೇನೋ ಹೌದು. ಮದುವೆಯ ಮರುದಿನವೇ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ ಕೀಲಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. ವರ್ಷಕ್ಕೆ ಎರಡು ಸಲ, ಈದ್ ಹಬ್ಬಗಳಂದು ಮಾತ್ರ, ಅದು ಹೊರಗೆ ಬರುತ್ತಿತ್ತು. ಉಕ್ಕಿನ ಮುಳ್ಳು ಪ್ಲೇಟನ್ನು ತಿನ್ನುತ್ತದೆಂದು ನಿಂಬೆಗಿಡದ ಮುಳ್ಳನ್ನು ತಾನೇ ಚೂಪು ಮಾಡಿ ಹಾಕುತ್ತಿದ್ದ. ಹಾಡು ಮುಗಿಯಲು ಇನ್ನೊಂದು ಬೆರಳಗಲ ಉಳಿದಿರುವಾಗಲೇ ಮುಳ್ಳನ್ನು ಎತ್ತಿಬಿಡುತ್ತಿದ್ದ. ಪ್ಲೇಟಿನ ಒಳಸುತ್ತು ಬಲುಬೇಗ ಸವೆಯುತ್ತದೆ, ಅದನ್ನು ಉಳಿಸಬೇಕು ಎನ್ನುತ್ತಿದ್ದ. ಯಾರಿಗೋಸ್ಕರ ಉಳಿಸಬೇಕು ಎಂದು ಕೇಳುವ ಧೈರ್ಯ ನನಗೂ ಇರಲಿಲ್ಲ.

ಹೋದ ವರ್ಷ ಲವಂಗ ಒಣಗಿಸುವ ಕಾಲದಲ್ಲಿ ಮಕಾಮೆ ತೀರಿಕೊಂಡ. ಮಿಜಕ್ಕ ಎಡಾಕ್ಕೆ ಕೂತಳು. ನಾಲ್ಕು ತಿಂಗಳು ಹತ್ತು ದಿನ ಹೊಸಿಲು ದಾಟುವಂತಿಲ್ಲ, ಹೊರಗಿನ ಗಂಡಸರ ಕಣ್ಣಿಗೆ ಬೀಳುವಂತಿಲ್ಲ, ಅತ್ತರು ಕಾಡಿಗೆ ಹಾಡು ಯಾವುದೂ ಇಲ್ಲ. ಬಿಳಿ ಬಟ್ಟೆಯುಟ್ಟು ಮೇಲಿನ ಕೋಣೆಯಲ್ಲಿ ಕೂತ ಅವಳಿಗೆ ನಾನು ಎರಡು ಹೊತ್ತು ಊಟ ಒಯ್ಯುತ್ತಿದ್ದೆ. ಆ ಕೋಣೆಯ ನೆಲದಲ್ಲಿ ಒಂದು ಕಿಂಡಿಯಿದೆ. ಸಾಮಾನಿಗೆ ಬುಟ್ಟಿ ಇಳಿಬಿಡಲು ಹಿಂದಿನವರು ಮಾಡಿಸಿದ್ದು. ಅವಳ ಹೊರಗಿನ ಪ್ರಪಂಚ ಅಷ್ಟೇ ಆಗಿತ್ತು.

ಎರಡು ತಿಂಗಳು ಕಳೆದಿರಬೇಕು. ಮಕಾಮೆಯ ತಮ್ಮ ಹಮದಿ ಒಬ್ಬ ಹೋಟೆಲಿನವನನ್ನು ಕರೆತಂದು ಪಡಸಾಲೆಯ ಬಾಗಿಲು ತೆರೆದ. ಮಕ್ಕಳಿಲ್ಲದ ಮನೆ, ಶರೀಯತ್ತಿನಂತೆ ನಾಲ್ಕರಲ್ಲಿ ಒಂದು ಪಾಲು ಮಿಜಕ್ಕನದು, ಮಿಕ್ಕದ್ದು ಅವನದು. ಅದರಲ್ಲಿ ನಮಗೆ ತಕರಾರಿರಲಿಲ್ಲ. ಕಹಳೆಗಳನ್ನು ಬಿಚ್ಚಿ, ಒಳಗೆ ಬಲ್ಬು ಹಾಕಿ ಹೋಟೆಲಿನ ಗೋಡೆಗೆ ನೇತುಹಾಕುತ್ತಾರಂತೆ. ಮಕಾಮೆ ಗೋರಿಯಲ್ಲಿ ಹೊರಳಿರಬೇಕು, ಹೊರಳಲಿ. ಆದರೆ ಪ್ಲೇಟುಗಳೂ ಸೇರಿ ಎಲ್ಲ ಒಟ್ಟಿಗೆ ಎಂದು ಹಮದಿ ಹೇಳಿದ್ದು ಕಿಂಡಿಯಲ್ಲಿ ಕೇಳಿಸಿತು. ಮಿಜಕ್ಕ ನನ್ನ ಕೈ ಹಿಡಿದುಕೊಂಡಳು.

"ಹೋಗಿ ಹೇಳು ರಯಾ. ಅಮ್ಮನ ಪ್ಲೇಟು ನನ್ನ ಮಹರಿ. ನಿಕಾಹಕ್ಕೆ ಅವನೇ ಸಾಕ್ಷಿ ಕೂತಿದ್ದ."

ನಾನು ಇಳಿದುಹೋಗಿ ಹೇಳಿದೆ. ಹಮದಿ ಹೋಟೆಲಿನವನ ಕಡೆ ನೋಡಿ ನಕ್ಕ.

"ಮಹರಿಗೆ ಯಾರಾದ್ರೂ ಪ್ಲೇಟು ಕೊಡ್ತಾರೇನಮ್ಮ? ಕಾಗದ ಇದ್ರೆ ತೋರಿಸು ಅನ್ನು. ಎಡಾದಲ್ಲಿ ಕೂತೋಳಿಗೆ ಇದೆಲ್ಲ ಯಾಕಂತೆ, ತಸ್ಬಿ ಮಣಿ ಎಣಿಸ್ಕೊಂಡಿರ್ಲಿ."

ಮಕಾಮೆಯ ಸೊಂಟದ ಕೀಲಿ ಈಗ ಹಮದಿಯ ಕೈಯಲ್ಲಿತ್ತು. ಕಪಾಟು ತೆರೆದೇ ಇತ್ತು. ಅವರಿಬ್ಬರೂ ಮೇಣದ ಯಂತ್ರದ ಸುತ್ತ ಚೌಕಾಸಿ ಮಾಡುತ್ತಿದ್ದಾಗ ಪ್ಲೇಟನ್ನು ಬುಯಿಬುಯಿಯೊಳಗೆ ಸೇರಿಸಿಕೊಂಡು ಮೆಟ್ಟಿಲು ಹತ್ತಿದೆ. ನಮ್ಮ ಕರೀ ಮೇಲುಡುಪು ಇಷ್ಟು ದೊಗಳೆಯಾಗಿರುವುದಕ್ಕೆ ಅವತ್ತು ಮೊದಲ ಸಲ ಸಂತೋಷಪಟ್ಟೆ.

ಮಂಚದ ಕೆಳಗೆ ಸೂಟ್‌ಕೇಸಿನಂಥ ಸಣ್ಣ ಯಂತ್ರವೊಂದಿತ್ತು. ಮಿಜಕ್ಕ ಅದನ್ನು ಎಳೆದಳು, ಮುಚ್ಚಳ ತೆರೆದಳು, ಮತ್ತೆ ಮುಚ್ಚಿದಳು.

"ಅಮ್ಮನ ದನಿ ಕೇಳಿದ್ರೆ ಹಾಡು ಕೇಳಿದ ಹಾಗಾಗುತ್ತಾ?"

ನನಗೆ ಗೊತ್ತಿಲ್ಲ ಎಂದೆ. ಮಸೀದಿಯ ಷೇಕ್ ಸಾಹೇಬರನ್ನು ಕೇಳಬಹುದಿತ್ತು, ಆದರೆ ಅವರು ಹಮದಿಯ ಜೊತೆ ದಿನಾ ಕಾಫಿ ಕುಡಿಯುವವರು. ಅವಳು ಮತ್ತೆ ಮುಚ್ಚಳ ತೆರೆದು, ಪ್ಲೇಟು ಇಟ್ಟು, ತಾನೇ ಯಂತ್ರಕ್ಕೆ ಕೀಲಿ ಕೊಟ್ಟಳು. ಮದುವೆಯಾದ ಮೂವತ್ತು ವರ್ಷದಲ್ಲಿ ಅವಳು ಗ್ರಾಮಫೋನು ಮುಟ್ಟಿದ್ದು ಅದೇ ಮೊದಲು.

ಹಾಡು ಬಂತು. ಕಿಂಡಿಗೆ ದಿಂಬು ಒತ್ತಿದ್ದೆವು, ಆದರೂ ಕೆಳಗೆ ಮಾತು ನಿಂತದ್ದು ತಿಳಿಯಿತು. ಇನ್ನು ಬೆರಳಗಲ ಉಳಿದಾಗ ಮಿಜಕ್ಕನ ಕೈ ತಾನಾಗಿ ಮುಂದೆ ಬಂತು. ಎತ್ತಲಿಕ್ಕೆ. ಮಕಾಮೆ ಮಣ್ಣಾಗಿ ಎರಡು ತಿಂಗಳಾದರೂ ಅವನ ರೂಢಿ ಇವಳ ಕೈಯಲ್ಲಿ ಕೂತಿತ್ತು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಹಾಡು ಮುಗಿಯಿತು, ಪಿಟೀಲು ನಿಂತಿತು. ಆಮೇಲೆ ಆ ಹೆಂಗಸು, ಆ ಕಾಲದ ಪ್ಲೇಟುಗಳ ಪದ್ಧತಿಯಂತೆ, ತನ್ನ ಹೆಸರು, ಊರು ಹೇಳಿದಳು. ಒಂದು ಉಸಿರು ಎಳೆದುಕೊಂಡಳು. ಕೊನೆಗೆ ಹಾಡಿನ ದನಿಯಲ್ಲಲ್ಲ, ಮನೆಯಲ್ಲಿ ಮಾತಾಡುವ ದನಿಯಲ್ಲಿ ಅಂದಳು:

"ಮಿಜಾ, ಬಾಗಿಲಲ್ಲಿ ನಿಂತ್ಕೋಬೇಡ ಪುಟ್ಟಿ. ಬರ್ತೀನಿ."

ನಾನು ಅತ್ತೆ. ಮಿಜಕ್ಕ ಅಳಲಿಲ್ಲ. ನಮ್ಮ ಮನೆಯವರಿಗೆ ಇದು ಗೊತ್ತಿತ್ತಾ ಎಂದು ಮೆಲ್ಲಗೆ ಕೇಳಿದಳು. ಪ್ಲೇಟು ಕೊಳ್ಳುವವನು ಒಂದು ಸಲವಾದರೂ ಕೊನೆಯವರೆಗೆ ಹಾಕಿ ಕೇಳಿಯೇ ಕೊಳ್ಳುತ್ತಾನೆ. ಗೊತ್ತಿತ್ತು. ಮೂವತ್ತು ವರ್ಷ ಗೊತ್ತಿತ್ತು. ಅದಕ್ಕೇ ನಾನು ಅವನನ್ನು ಹೊಗಳುವುದಿಲ್ಲ, ಕ್ಷಮಿಸುವುದೂ ಇಲ್ಲ.

ಅಷ್ಟರಲ್ಲಿ ಕಿಂಡಿಯ ಕೆಳಗಿಂದ ಹಮದಿಯ ದನಿ ಬಂತು. ಹಾಡು ಕೇಳಿಸಿಕೊಂಡ ಹೋಟೆಲಿನವನಿಗೆ ಆ ಪ್ಲೇಟೇ ಬೇಕಂತೆ, ಅದಿಲ್ಲದಿದ್ದರೆ ಯಾವುದೂ ಬೇಡವಂತೆ.

"ಅತ್ತಿಗೆ, ಪ್ಲೇಟು ಬುಟ್ಟೀಲಿ ಇಳಿಸಿ. ಇಲ್ಲಾಂದ್ರೆ ಎಡಾದ ಮನೇಲಿ ಹಾಡು ಹಾಕಿದ್ರು ಅಂತ ಓಣಿಗೆಲ್ಲ ಗೊತ್ತಾಗುತ್ತೆ. ಈ ಮನೇಲೂ ಮುಕ್ಕಾಲು ನಂದು, ಮರೀಬೇಡಿ."

ಕೊಡಬೇಡ ಎಂದು ನಾನು ಕೈಮುಗಿದೆ. ಆದರೆ ಅವಳಿಗೆ ಹೋಗಲು ಬೇರೆ ಮನೆಯಿಲ್ಲ, ಹೊಸಿಲು ದಾಟಲು ದಿನ ಮುಗಿದಿಲ್ಲ. ಅವಳು ತಲೆವಸ್ತ್ರದ ಪಿನ್ನು ತೆಗೆದು, ಪ್ಲೇಟನ್ನು ತೊಡೆಯ ಮೇಲಿಟ್ಟುಕೊಂಡು, ಆ ಒಳಗಿನ ಬೆರಳಗಲವನ್ನು ಮಾತ್ರ ಸುತ್ತಲೂ ಗೀರತೊಡಗಿದಳು. ಕರೀ ಪುಡಿ ಅವಳ ಬಿಳಿ ಬಟ್ಟೆಯ ಮೇಲೆ ಉದುರಿತು. ನಾನು ಬೇಡವೆಂದು ಕೈ ಚಾಚಿದರೆ ತಲೆಯೆತ್ತದೆ ಹೇಳಿದಳು.

"ಅದು ನಂಗೆ ಹೇಳಿದ ಮಾತು ಕಣೇ."

ಆಮೇಲೆ ಪ್ಲೇಟನ್ನು ಒರೆಸಿ ಬುಟ್ಟಿಯಲ್ಲಿಟ್ಟು ತಾನೇ ಹಗ್ಗ ಬಿಟ್ಟಳು.

ಆ ಹೋಟೆಲಿನಲ್ಲಿ ಈಗ ಸಂಜೆಯ ಹೊತ್ತು ಅತಿಥಿಗಳಿಗೆ ಆ ಹಾಡು ಹಾಕುತ್ತಾರೆ ಎಂದು ಅಲ್ಲಿ ಬಟ್ಟೆ ಒಗೆಯುವ ನನ್ನ ನಾದಿನಿ ಹೇಳುತ್ತಾಳೆ. ಕೊನೆಯಲ್ಲಿ ಕರಕರ ಸದ್ದು ಶುರುವಾಗುತ್ತಲೇ ಮುಳ್ಳು ಎತ್ತಿಬಿಡುತ್ತಾರಂತೆ.

ಎಡಾ ಮುಗಿದ ದಿನ ನಾವು ಏಳು ಜನ ಹೆಂಗಸರು ಸೇರಿ ಮಿಜಕ್ಕನಿಗೆ ಸ್ನಾನ ಮಾಡಿಸಿ, ಹೊಸ ಕಾಂಗಾ ಉಡಿಸಿ, ಊದು ಹಾಕಿ ಕೆಳಗೆ ಕರೆತಂದೆವು. ಪಡಸಾಲೆ ಖಾಲಿಯಾಗಿತ್ತು, ಲವಂಗದ ವಾಸನೆ ಮಾತ್ರ ಇತ್ತು. ಸಮುದ್ರದ ಕಡೆ ಹೋಗಿಬರೋಣ ಎಂದು ನಾವೆಲ್ಲ ಬೀದಿಗಿಳಿದೆವು. ಅವಳು ಬಾಗಿಲ ಹತ್ತಿರ ಬಂದು ಚೌಕಟ್ಟು ಹಿಡಿದುಕೊಂಡು ನಿಂತಳು. ಬಾರೇ ಅಕ್ಕ ಎಂದು ಕರೆದೆ. ಉಳಿದವರೂ ಕರೆದರು. ಬಿಸಿಲು ಏರಿತು, ಒಬ್ಬೊಬ್ಬರಾಗಿ ಮನೆಗೆ ಹೋದರು.

"ನೀನೂ ಹೋಗು ರಯಾ," ಎಂದಳು. "ನಾನು ಇಲ್ಲೇ ನಿಂತಿರ್ತೀನಿ."